ಮ್ಯಾಂಡೊಲಿನ್ ವಾದ್ಯದಲ್ಲಿ ‘ಮೈನರ್ ಸಿಕ್ಸ್ತ್’ ಸ್ವರಕೂಟ

೧

ಸಮಾಸದಲ್ಲಿ ವಿಶೇಷಣವು ಯಾವ ಪದದೊಡನೆ ಅನ್ವಯಿಸುತ್ತದೆಯೆಂಬುದನ್ನು ನಿಶ್ಚಯಿಸಿಕೊಳ್ಳದೆ ಅರ್ಥವನ್ನು ಹೇಳಹೊರಟವನು ದಾರಿ ತಪ್ಪುವನೆಂಬುದು ಶಾಬ್ದಿಕರೆಲ್ಲರೂ ಒಪ್ಪಿದ ಮಾತು. ವ್ಯಾಕರಣಶಾಸ್ತ್ರದ ಹೊರಗೆ ಇದಕ್ಕೊಂದು ನಿದರ್ಶನವು ಬೇಕಾದಲ್ಲಿ ಪಾಶ್ಚಾತ್ಯ ಸಂಗೀತದ ‘ಮೈನರ್ ಸಿಕ್ಸ್ತ್ ಕಾರ್ಡ್’ ಎಂಬ ಹೆಸರನ್ನು ತೆಗೆದುಕೊಳ್ಳಬಹುದು. ಮ್ಯಾಂಡೊಲಿನ್ ವಾದ್ಯವನ್ನು ಕಲಿಯುವವನು ಈ ಹೆಸರನ್ನು ಕೇಳಿದೊಡನೆಯೇ ಒಂದು ಸಂದೇಹಕ್ಕೆ ಒಳಗಾಗುತ್ತಾನೆ. ಆ ಸಂದೇಹವನ್ನು ಕಳೆದುಕೊಂಡವನಿಗೂ ಅದರ ಹಿಂದೆಯೇ ಮತ್ತೊಂದು ದೊಡ್ಡ ಸಂದೇಹವು ಕಾದಿರುತ್ತದೆ. ಮೊದಲನೆಯದು ಹೆಸರಿನ ಅನ್ವಯಕ್ಕೆ ಸಂಬಂಧಪಟ್ಟುದು. ಎರಡನೆಯದು ಹೆಸರಿಗೂ ವಸ್ತುವಿಗೂ ಇರುವ ಸಂಬಂಧಕ್ಕೇ ಸೇರಿದುದು. ಎರಡನೆಯದರ ವಿಚಾರವಾಗಿ ಐರೋಪ್ಯ ಸಂಗೀತಶಾಸ್ತ್ರಜ್ಞರು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಚರ್ಚಿಸಿದ್ದಾರೆ.

‘ಕಾರ್ಡ್’ ಎಂದರೆ ಮೂರು ಅಥವಾ ಅದಕ್ಕೆ ಹೆಚ್ಚಿನ ಸ್ವರಗಳು ಏಕಕಾಲದಲ್ಲಿ ನುಡಿಯುವುದರಿಂದ ಉಂಟಾಗುವ ಸ್ವರಕೂಟ. ‘ಮೈನರ್’ ಎಂದರೆ ಕಿರಿದು. ‘ಸಿಕ್ಸ್ತ್’ ಎಂದರೆ ಆಧಾರಸ್ವರದಿಂದ ಆರನೆಯದು. ‘ಮೈನರ್’ ಎಂಬ ವಿಶೇಷಣವನ್ನು ಪಕ್ಕದಲ್ಲಿರುವ ‘ಸಿಕ್ಸ್ತ್’ ಪದದೊಡನೆ ಸೇರಿಸಿದರೆ ‘ಕಿರಿಯದಾದ ಆರನೆಯ ಸ್ವರವುಳ್ಳ ಕೂಟ’ ಎಂದಾಗುವುದು. ದೂರದಲ್ಲಿರುವ ‘ಕಾರ್ಡ್’ ಪದದೊಡನೆ ಸೇರಿಸಿದರೆ ‘ಆರನೆಯ ಸ್ವರವನ್ನು ಕೂಡಿಸಿಕೊಂಡ ಕಿರಿಯ ಕೂಟ’ ಎಂದಾಗುವುದು. ಕಿರಿಯ ಕೂಟವೆಂಬುದು ನಮ್ಮ ಪರಿಭಾಷೆಯಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪಂಚಮ ಎಂಬ ಮೂರು ಸ್ವರಗಳ ಸಮುದಾಯ. ಮೊದಲನೆಯ ಅರ್ಥವನ್ನು ಹಿಡಿದರೆ ಇದಕ್ಕೆ ಶುದ್ಧ ಧೈವತವನ್ನು ಸೇರಿಸಬೇಕು. ಎರಡನೆಯದನ್ನು ಹಿಡಿದರೆ ಚತುಶ್ರುತಿ ಧೈವತವನ್ನು ಸೇರಿಸಬೇಕು.

ಸಂಗೀತಗಾರರ ರೂಢಿಯಲ್ಲಿ ನಿಂತಿರುವುದು ಎರಡನೆಯ ಅರ್ಥವೇ. ಇಲ್ಲಿ ದೂರಾನ್ವಯವೇ ಪ್ರಮಾಣ. ‘ಎ’ ಸ್ವರವನ್ನು ಆಧಾರವಾಗಿಟ್ಟುಕೊಂಡರೆ ‘ಎ, ಸಿ, ಇ, ಎಫ್ ಶಾರ್ಪ್’ ಎಂಬ ನಾಲ್ಕು ಸ್ವರಗಳು ಸೇರಿ ಈ ಕೂಟವಾಗುತ್ತದೆ. ಅನ್ವಯವನ್ನು ತಪ್ಪಿಸಿ ಎಫ್ ಶಾರ್ಪ್ ಇರಬೇಕಾದೆಡೆಯಲ್ಲಿ ಎಫ್ ಸ್ವರವನ್ನಿಟ್ಟರೆ, ಹುಟ್ಟುವುದು ಎಫ್ ಆಧಾರದ ‘ಮೇಜರ್ ಸೆವೆಂತ್’ ಎಂಬ ಬೇರೊಂದು ಜಾತಿಯ ಕೂಟ. ವಾದ್ಯದ ಮೇಲೆ ಇವೆರಡಕ್ಕೂ ಇರುವ ಅಂತರವು ಒಂದೇ ಒಂದು ಮೆಟ್ಟಿಲು. ಭಾವದಲ್ಲಿರುವ ಅಂತರವು ಬಹಳ ಹೆಚ್ಚು.

೨

ಈ ಸ್ವರಕೂಟದ ವಿಚಾರವನ್ನು ಮುಂದುವರಿಸುವುದಕ್ಕೆ ಮೊದಲು ವಾದ್ಯದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಏಕೆಂದರೆ ಈ ಕೂಟವು ಮ್ಯಾಂಡೊಲಿನ್ನಿನಲ್ಲಿ ತಾಳುವ ರೂಪಕ್ಕೆ ಆ ವಾದ್ಯದ ಶ್ರುತಿಕ್ರಮವೇ ಕಾರಣ.

ಮ್ಯಾಂಡೊಲಿನ್ ಇಟಲಿ ದೇಶದ ವಾದ್ಯ. ಲ್ಯೂಟ್ ಎಂಬ ಪ್ರಾಚೀನ ತಂತೀವಾದ್ಯದ ಸಂತತಿಗೆ ಸೇರಿದುದು. ಉತ್ತರ ಇಟಲಿಯಲ್ಲಿ ಪ್ರಚಾರದಲ್ಲಿದ್ದ ಹಳೆಯ ಜಾತಿಯ ಮ್ಯಾಂಡೊಲಿನ್ನಿಗೆ ಕರುಳಿನ ತಂತಿಗಳಿದ್ದುವು. ಅವುಗಳ ಶ್ರುತಿಯು ಬಹುಮಟ್ಟಿಗೆ ಚತುರ್ಥಾಂತರದಲ್ಲಿ ನಡೆಯುತ್ತಿದ್ದಿತು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ನೇಪಲ್ಸ್ ನಗರದಲ್ಲಿ ಬೇರೊಂದು ಜಾತಿಯು ತಲೆಯೆತ್ತಿತು. ವಿನಾಚಿಯಾ ಎಂಬ ಮನೆತನದ ಕುಶಲಿಗಳು ಇದರ ನಿರ್ಮಾಣದಲ್ಲಿ ಪ್ರಸಿದ್ಧರಾದರು. ಈ ಹೊಸ ವಾದ್ಯದಲ್ಲಿ ಲೋಹದ ತಂತಿಗಳು ನಾಲ್ಕು ಜೋಡಿಗಳಾಗಿದ್ದುವು. ಪ್ರತಿಯೊಂದು ಜೋಡಿಯ ಎರಡು ತಂತಿಗಳೂ ಒಂದೇ ಶ್ರುತಿಯಲ್ಲಿ ನುಡಿಯುತ್ತಿದ್ದುವು. ಜೋಡಿಗಳ ಶ್ರುತಿಯು ಮಂದ್ರದಿಂದ ಮೇಲಕ್ಕೆ ಜಿ, ಡಿ, ಎ, ಇ ಎಂದಿದ್ದಿತು. ಇದು ಪಿಟೀಲಿನ ಶ್ರುತಿಯೇ. ಒಂದೊಂದು ಜೋಡಿಗೂ ಅದರ ಮುಂದಿನ ಜೋಡಿಗೂ ಷಡ್ಜ ಪಂಚಮಗಳ ಅಂತರ, ಎಂದರೆ ಏಳು ಅರ್ಧಸ್ವರಗಳ ಅಂತರ.

ಪಿಟೀಲಿನೊಡನೆ ಇರುವ ಈ ಬಾಂಧವ್ಯವನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ಗೇಬ್ರಿಯೇಲ್ ಲಿಯೋನೆ ಎಂಬ ವಾದಕನು ೧೭೬೮ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಬೋಧಗ್ರಂಥದ ಶೀರ್ಷಿಕೆಯೇ, ಪಿಟೀಲಿನಿಂದ ಮ್ಯಾಂಡೊಲಿನ್ನಿಗೂ ಕಮಾನಿನಿಂದ ಗರಿಗೂ ದಾಟಿಬರುವ ವಿಧಾನವನ್ನು ತಾನು ಹೇಳುವುದಾಗಿ ಸೂಚಿಸುತ್ತದೆ. ‘ಗರಿ’ ಎಂದರೆ ತಂತಿಯನ್ನು ಮೀಟಲು ಆಗ ಉಪಯೋಗಿಸುತ್ತಿದ್ದ ಹಕ್ಕಿಯ ಗರಿಯ ಕಡ್ಡಿ. ೧೭೮೭ರ ಅಕ್ಟೋಬರ್ ೨೯ರಂದು ಪ್ರಾಗ್ ನಗರದಲ್ಲಿ ಮೊದಲು ಪ್ರದರ್ಶಿತವಾದ ‘ಡಾನ್ ಜಿಯೊವಾನಿ’ ಎಂಬ ಗೀತನಾಟಕದಲ್ಲಿ ಮೊಟ್ಸಾರ್ಟನು ಕಿಟಕಿಯ ಕೆಳಗೆ ನಿಂತು ಹಾಡುವ ನಾಯಕನ ಗೀತಕ್ಕೆ ಮ್ಯಾಂಡೊಲಿನ್ನನ್ನು ಜತೆಗೊಟ್ಟನು. ಬೀಥೋವನನು ೧೭೯೬ರಲ್ಲಿ ಅದೇ ನಗರದಲ್ಲಿ ಈ ವಾದ್ಯಕ್ಕಾಗಿ ಕೆಲವು ಚಿಕ್ಕ ಕೃತಿಗಳನ್ನು ರಚಿಸಿದನು. ಹಮ್ಮೆಲನು ೧೭೯೯ರಲ್ಲಿ ಬೊರ್ತೊಲಾಟ್ಸಿ ಎಂಬ ವಾದಕನಿಗಾಗಿ ಒಂದು ಕನ್ಸರ್ಟೊ ರಚಿಸಿದನು. ಇವೆಲ್ಲವುಗಳಲ್ಲಿಯೂ ಮ್ಯಾಂಡೊಲಿನ್ನಿನ ಮುಖ್ಯ ಕಾರ್ಯವು ರಾಗದ ಎಳೆಯನ್ನು ನುಡಿಸುವುದಾಗಿದ್ದಿತು. ಸ್ವರಕೂಟವನ್ನು ಒದಗಿಸುವ ಭಾರವು ಜತೆಯ ವಾದ್ಯಗಳ ಮೇಲಿದ್ದಿತು. ಮ್ಯಾಂಡೊಲಿನ್ನು ಕೂಟವನ್ನು ಮುಟ್ಟಿದರೂ ಒಂದೊಂದು ಸ್ವರವಾಗಿ ಬಿಡಿಸಿ ನುಡಿಸುವುದೇ ಹೆಚ್ಚಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಾಸ್ಕಲೆ ವಿನಾಚಿಯಾ ಎಂಬವನು ಉಕ್ಕಿನ ತಂತಿಗಳನ್ನೂ ತಿರುಪಿನ ಬಿರಡೆಗಳನ್ನೂ ಅಳವಡಿಸಿ ವಾದ್ಯಕ್ಕೆ ಹೆಚ್ಚಿನ ನಾದವನ್ನು ತಂದನು. ಆ ಶತಮಾನದ ಅಂತ್ಯದಲ್ಲಿ ಇಟಲಿಯಿಂದ ವಲಸೆಹೋದವರೊಡನೆ ಮ್ಯಾಂಡೊಲಿನ್ನು ಅಮೆರಿಕವನ್ನು ಸೇರಿತು. ಮಿಷಿಗನ್ ಪ್ರಾಂತದ ಕಲಮಜೂ ಎಂಬ ಊರಿನ ಆರ್ವಿಲ್ ಗಿಬ್ಸನನು ದುಂಡು ಬುರುಡೆಯನ್ನು ಬಿಟ್ಟು, ಪಿಟೀಲಿನಂತೆ ಮರವನ್ನು ಕೆತ್ತಿ ಮಾಡಿದ ಒಡಲುಳ್ಳ ಮ್ಯಾಂಡೊಲಿನ್ನಿಗೆ ೧೮೯೮ರಲ್ಲಿ ಹಕ್ಕುಪತ್ರವನ್ನು ಪಡೆದನು. ೧೯೦೨ರಲ್ಲಿ ಅವನ ಹೆಸರಿನ ಕಾರ್ಖಾನೆಯು ಸ್ಥಾಪಿತವಾಯಿತು. ಅಲ್ಲಿಯೇ ೧೯೨೨ರಲ್ಲಿ ಲಾಯ್ಡ್ ಲೋರ್ ಎಂಬವನ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ‘ಎಫ್ ೫’ ಎಂಬ ಮಾದರಿಯು ಇಂದಿಗೂ ಮೇಲ್ಪಂಕ್ತಿಯಾಗಿದೆ. ನಾಲ್ಕು ಜೋಡಿತಂತಿಗಳನ್ನೂ ಒಮ್ಮೆಗೇ ಮೀಟಿ ಕೂಟವನ್ನು ನುಡಿಸುವ ಪದ್ಧತಿಯು ಅಮೆರಿಕದ ಜನಪ್ರಿಯ ಸಂಗೀತದಲ್ಲಿ ಬಲವಾಗಿ ಬೇರೂರಿತು. ಬಿಲ್ ಮನ್ರೊ (೧೯೧೧–೧೯೯೬) ಮೊದಲಾದವರು ತಾಳದ ಎದುರುಪೆಟ್ಟಿಗೆ ಕೂಟವನ್ನು ಮೀಟಿ, ಮರುಕ್ಷಣವೇ ಬೆರಳನ್ನು ಸಡಿಲಿಸಿ ನಾದವನ್ನು ತಡೆಯುವ ಕ್ರಮವನ್ನು ಪ್ರಸಿದ್ಧಿಗೆ ತಂದರು. ಹೀಗೆ ರಾಗದ ಎಳೆಯನ್ನು ಹಿಡಿದಿದ್ದ ವಾದ್ಯವು ಕೂಟದ ವಾದ್ಯವೂ ಆಯಿತು.

೩

ಇನ್ನು ಕೈಯ ವಿಷಯ. ಒಂದು ಬೆರಳನ್ನೂ ಇಡದೆ ನಾಲ್ಕು ಬರಿಯ ತಂತಿಗಳನ್ನು ಮೀಟಿ, ಅತಿ ಮಂದ್ರವಾದ ಜಿ ಸ್ವರವನ್ನು ಷಡ್ಜವೆಂದು ಗ್ರಹಿಸಿದರೆ, ಕೇಳುವ ಸ್ವರಗಳು ಕ್ರಮವಾಗಿ ಷಡ್ಜ, ಪಂಚಮ, ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ, ಅದೇ ಸ್ಥಾಯಿಯ ಚತುಶ್ರುತಿ ಧೈವತ. ಮೈನರ್ ಸಿಕ್ಸ್ತ್ ಕೂಟಕ್ಕೆ ಬೇಕಾದ ನಾಲ್ಕು ಸ್ವರಗಳಲ್ಲಿ ಮೂರು ಇಲ್ಲಿ ಬೆರಳಿಲ್ಲದೆಯೇ ಸಿದ್ಧವಾಗಿವೆ. ಕೊರತೆಯಾಗಿರುವುದು ಸಾಧಾರಣ ಗಾಂಧಾರ ಮಾತ್ರ. ಎ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿ ಒತ್ತಿದೊಡನೆ ರಿಷಭವು ಅರ್ಧಸ್ವರ ಏರಿ ಸಾಧಾರಣ ಗಾಂಧಾರವಾಗುತ್ತದೆ. ಜಿ, ಡಿ, ಬಿ ಫ್ಲ್ಯಾಟ್, ಇ ಎಂಬ ‘ಜಿ ಮೈನರ್ ಸಿಕ್ಸ್ತ್’ ಕೂಟವು ಪೂರ್ಣವಾಗುತ್ತದೆ. ಜಿ, ಡಿ, ಎ, ಇ ತಂತಿಗಳ ಮೆಟ್ಟಿಲುಗಳನ್ನು ಕ್ರಮವಾಗಿ ಅಂಕೆಗಳಲ್ಲಿ ಬರೆದರೆ ಇದು ೦–೦–೧–೦ ಎಂದಾಗುವುದು. ಏಳು, ಏಳು, ಏಳು ಎಂದಿದ್ದ ಅಂತರಗಳು ಏಳು, ಎಂಟು, ಆರು ಎಂದಾಗಿವೆ. ಈ ಕಡೆಯ ‘ಆರು’ ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಅಂತರ; ಕೂಟದ ಕಳವಳವೆಲ್ಲವೂ ಅದರಲ್ಲಿ ಅಡಗಿದೆ.

ಇದೇ ಆಕೃತಿಯನ್ನು ಎರಡು ಮೆಟ್ಟಿಲು ಮೇಲಕ್ಕೆ ಸರಿಸಿದರೆ ೨–೨–೩–೨ ಎಂಬ ‘ಎ ಮೈನರ್ ಸಿಕ್ಸ್ತ್’ ದೊರೆಯುತ್ತದೆ. ಇಲ್ಲಿ ತೋರುಬೆರಳು ಎರಡನೆಯ ಮೆಟ್ಟಿಲಿನಲ್ಲಿ ನಾಲ್ಕು ಜೋಡಿಗಳನ್ನೂ ಅಡ್ಡಲಾಗಿ ಒತ್ತಬೇಕು. ನಡುಬೆರಳು ಎ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಹಿಡಿಯಬೇಕು. ಉಕ್ಕಿನ ಎಂಟು ತಂತಿಗಳನ್ನು ಒಂದೇ ಬೆರಳಿನಿಂದ ಅದುಮುವುದು ಆರಂಭಿಕನಿಗೆ ಸುಲಭವಲ್ಲ. ಬೆರಳನ್ನು ಮೆಟ್ಟಿಲಿನ ಮೇಲೆಯೇ ಇಡದೆ, ಅದಕ್ಕೆ ತಗುಲಿದಂತೆ ಬಿರಡೆಯ ಕಡೆಗೆ ಇಡಬೇಕು. ಅನಂತರ ಜೋಡಿಗಳನ್ನು ಒಂದೊಂದಾಗಿ ಮೀಟಿ, ಯಾವುದು ಮೊಂಡಾಗಿ ನುಡಿಯುತ್ತದೆಯೆಂಬುದನ್ನು ಕಿವಿಯಿಂದ ಪರೀಕ್ಷಿಸಬೇಕು. ಈ ಅಡ್ಡಹಿಡಿತವು ಕೈಗೆ ಒಗ್ಗಿದ ಮೇಲೆ ಅದೇ ಆಕೃತಿಯನ್ನು ಯಾವ ಮೆಟ್ಟಿಲಿಗೆ ಸರಿಸಿದರೂ ಆಯಾ ಆಧಾರದ ಮೈನರ್ ಸಿಕ್ಸ್ತ್ ದೊರೆಯುತ್ತದೆ. ಕೂಟದಲ್ಲಿ ನಾಲ್ಕು ಸ್ವರ, ವಾದ್ಯದಲ್ಲಿ ನಾಲ್ಕು ಜೋಡಿ. ಆದುದರಿಂದ ಇಲ್ಲಿ ಪುನರುಕ್ತಿಯೂ ಇಲ್ಲ, ಲೋಪವೂ ಇಲ್ಲ.

೪

ಕೈಗೆ ಇಷ್ಟು ಸುಲಭವಾದ ಕೂಟವು ಬುದ್ಧಿಗೆ ಸುಲಭವಾಗಿ ವಶವಾಗಲಿಲ್ಲ. ಜಿ, ಬಿ ಫ್ಲ್ಯಾಟ್, ಡಿ, ಇ ಎಂಬ ಸ್ವರಗಳಲ್ಲಿ ಜಿ ಸ್ವರಕ್ಕೆ ಬದಲಾಗಿ ಇ ಸ್ವರವನ್ನು ಷಡ್ಜವೆಂದು ಗ್ರಹಿಸಿದರೆ, ಅವೇ ಸ್ವರಗಳು ಷಡ್ಜ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಕೈಶಿಕಿ ನಿಷಾದಗಳಾಗುತ್ತವೆ. ಇದು ಕರ್ನಾಟಕ ಸಂಗೀತಜ್ಞರಿಗೆ ಪರಿಚಿತವಾದ ಗ್ರಹಭೇದದ ನ್ಯಾಯವೇ. ಪಾಶ್ಚಾತ್ಯರು ಈ ಎರಡನೆಯ ರೂಪವನ್ನು ‘ಹಾಫ್ ಡಿಮಿನಿಷ್ಡ್ ಸೆವೆಂತ್’ ಎಂಬ ಬೇರೆ ಹೆಸರಿನಿಂದ ಕರೆಯುತ್ತಾರೆ. ಒಂದೇ ವಸ್ತುವಿಗೆ ಎರಡು ಹೆಸರು. ಹಾಗಾದರೆ ಅದು ಯಾವುದು?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದವನು ಫ್ರಾನ್ಸ್ ದೇಶದ ಝಾನ್ ಫಿಲಿಪ್ ರಾಮೊ (೧೬೮೩–೧೭೬೪). ಅವನು ೧೭೨೨ರಲ್ಲಿ ಪ್ರಕಟಿಸಿದ ಸ್ವರಸಾಂಗತ್ಯದ ಗ್ರಂಥದಲ್ಲಿ ಪ್ರತಿಯೊಂದು ಕೂಟಕ್ಕೂ ಒಂದು ಮೂಲಸ್ವರವುಂಟೆಂದೂ, ಸ್ವರಗಳ ಮೇಲುಕೆಳಗುಗಳು ಬದಲಾದರೂ ಮೂಲವು ಬದಲಾಗದೆಂದೂ ಸಾಧಿಸಿದನು. ಆದರೆ ಆರನೆಯ ಸ್ವರವನ್ನು ಕೂಡಿಸಿಕೊಂಡ ಕೂಟದಲ್ಲಿ ಅವನ ಸಿದ್ಧಾಂತಕ್ಕೆ ತೊಡಕುಂಟಾಯಿತು. ಎ ಮೈನರ್ ರಾಗಚೌಕಟ್ಟಿನಲ್ಲಿ ಡಿ, ಎಫ್, ಎ, ಬಿ ಎಂಬ ಕೂಟವನ್ನು ನೋಡಬೇಕು. ಆಧಾರಕೂಟದಿಂದ ಇಲ್ಲಿಗೆ ಬರುವಾಗ ಡಿ ಸ್ವರವೇ ಮೂಲವೆಂದು ತೋರುತ್ತದೆ. ಇಲ್ಲಿಂದ ಇ ಸ್ವರದ ಕೂಟಕ್ಕೆ ಹೊರಡುವಾಗ ಬಿ ಸ್ವರವು ಮೂಲವಾಗದ ಹೊರತು ನಡೆಯು ಅವನ ನಿಯಮಕ್ಕೆ ಒಗ್ಗುವುದಿಲ್ಲ. ೧೭೩೭ರ ತನ್ನ ಗ್ರಂಥದಲ್ಲಿ ರಾಮೊ ಈ ತೊಡಕಿಗೆ ‘ದ್ವಿವಿಧ ಪ್ರಯೋಗ’ವೆಂಬ ಪರಿಹಾರವನ್ನು ಹೇಳಿದನು: ಕೂಟವು ಬರುವಾಗ ಒಂದು ಮೂಲವುಳ್ಳದ್ದಾಗಿಯೂ, ಹೋಗುವಾಗ ಮತ್ತೊಂದು ಮೂಲವುಳ್ಳದ್ದಾಗಿಯೂ ವರ್ತಿಸಬಹುದೆಂಬುದೇ ಅದರ ಸಾರ.

ರಾಮೊವಿನ ಈ ಮಾತನ್ನು ಮ್ಯಾಂಡೊಲಿನ್ನಿನ ಮೇಲೆ ಬೆರಳುಗಳಿಂದಲೇ ಪರೀಕ್ಷಿಸಬಹುದು. ‘ಡಿ ಮೈನರ್ ಸಿಕ್ಸ್ತ್’ ಕೂಟವನ್ನು ೨–೦–೨–೧ ಎಂದು ಹಿಡಿಯಬಹುದು. ಅದರ ಸ್ವರಗಳು ಕೆಳಗಿನಿಂದ ಎ, ಡಿ, ಬಿ, ಎಫ್. ಇಲ್ಲಿಂದ ೨–೨–೩–೦ ಎಂಬ ಎ ಮೈನರ್ ಕೂಟಕ್ಕೆ ಬಂದರೆ ಎ ನಿಂತಲ್ಲಿಯೇ ನಿಲ್ಲುತ್ತದೆ, ಬಿ ಏರಿ ಸಿ ಆಗುತ್ತದೆ. ಹಾಗಲ್ಲದೆ ೧–೦–೨–೦ ಎಂಬ ‘ಇ ಸೆವೆಂತ್’ ಕೂಟಕ್ಕೆ ಹೋದರೆ ಬಿ ನಿಂತಲ್ಲಿಯೇ ನಿಲ್ಲುತ್ತದೆ, ಎ ಇಳಿದು ಜಿ ಶಾರ್ಪ್ ಆಗುತ್ತದೆ. ಮೊದಲನೆಯ ನಡೆಯಲ್ಲಿ ಕೂಡಿಸಿದ ಸ್ವರವಾದ ಬಿ ಚಲಿಸಿತು, ಆದುದರಿಂದ ಮೂಲವು ಡಿ; ಎರಡನೆಯದರಲ್ಲಿ ಬಿ ಅಚಲವಾಗಿ ಎ ಚಲಿಸಿತು, ಆದುದರಿಂದ ಮೂಲವು ಬಿ. ಹಿಡಿತವು ಒಂದೇ, ನಾದವು ಒಂದೇ. ಭೇದವು ಕಾಣುವುದು ಮುಂದಿನ ನಡೆಯಲ್ಲಿ ಮಾತ್ರ. ‘ಸೈಂಧವವನ್ನು ತಾ’ ಎಂದರೆ ಊಟದ ಸಮಯದಲ್ಲಿ ಉಪ್ಪನ್ನೂ ಪ್ರಯಾಣದ ಸಮಯದಲ್ಲಿ ಕುದುರೆಯನ್ನೂ ತರಬೇಕೆಂದು ಶಾಸ್ತ್ರಕಾರರು ಹೇಳುವ ದೃಷ್ಟಾಂತವು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಅರ್ಥನಿರ್ಣಯಕ್ಕೆ ಪ್ರಕರಣವೇ ಗತಿ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಅತಿ ಮಂದ್ರವಾಗಿ ಕೇಳುವ ಸ್ವರವೇ ಕೂಟದ ಹೆಸರನ್ನು ನಿರ್ಣಯಿಸಲಿ, ಪ್ರಕರಣದ ಗೊಡವೆಯೇಕೆ ಎನ್ನಬಹುದು. ಮ್ಯಾಂಡೊಲಿನ್ನಿನ ಮಟ್ಟಿಗೆ ಈ ವಾದವು ನಿಲ್ಲುವುದಿಲ್ಲ. ಮೇಳದಲ್ಲಿ ಮಂದ್ರಸ್ವರವನ್ನು ಒದಗಿಸುವುದು ಬೇರೆಯ ವಾದ್ಯ. ಮ್ಯಾಂಡೊಲಿನ್ನು ೦–೦–೧–೦ ಎಂದು ನುಡಿಸುತ್ತಿರುವಾಗ ಮಂದ್ರವಾದ್ಯವು ಜಿ ನುಡಿದರೆ ಅದು ಜಿ ಮೈನರ್ ಸಿಕ್ಸ್ತ್. ಇ ನುಡಿದರೆ ಹಾಫ್ ಡಿಮಿನಿಷ್ಡ್. ಸಿ ನುಡಿದರೆ ‘ಸಿ ನೈನ್ತ್’ ಎಂಬ ಮೂರನೆಯದೇ ಒಂದು ಕೂಟ. ಕೈ ಚಲಿಸಲಿಲ್ಲ, ಹೆಸರು ಮಾತ್ರ ಮೂರು ಸಲ ಬದಲಾಯಿತು. ಮಂದ್ರಸ್ವರವೂ ಪ್ರಕರಣದ ಒಂದು ಅಂಗವೇ ಹೊರತು ಅದಕ್ಕೆ ಬದಲಿಯಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿವಾದವು ಪರಾಕಾಷ್ಠೆಯನ್ನು ಮುಟ್ಟಿದುದು ವಾಗ್ನರನ ‘ಟ್ರಿಸ್ಟನ್ ಮತ್ತು ಇಸೋಲ್ಡೆ’ ಎಂಬ ಗೀತನಾಟಕದಿಂದ. ೧೮೬೫ರ ಜೂನ್ ೧೦ರಂದು ಮ್ಯೂನಿಕ್ಕಿನಲ್ಲಿ ಮೊದಲು ಪ್ರದರ್ಶಿತವಾದ ಈ ಕೃತಿಯ ಪೂರ್ವರಂಗದಲ್ಲಿ ಕೇಳಿಬರುವ ಮೊದಲನೆಯ ಕೂಟವು ಕೆಳಗಿನಿಂದ ಎಫ್, ಬಿ, ಡಿ ಶಾರ್ಪ್, ಜಿ ಶಾರ್ಪ್ ಎಂಬ ಸ್ವರಗಳಿಂದಾದುದು. ಕಿವಿಗೆ ಇದು ಮೇಲೆ ಹೇಳಿದ ಜಾತಿಯ ಕೂಟವೇ. ಬರಹದಲ್ಲಿಯೂ ನಡೆಯಲ್ಲಿಯೂ ಅದಲ್ಲ. ಮೇಲಿನ ಜಿ ಶಾರ್ಪ್ ಏರಿ ಎ ಆಗುವುದರಿಂದ ಅದನ್ನು ಆಗಂತುಕಸ್ವರವೆಂದು ಭಾವಿಸಿ ಕೂಟಕ್ಕೆ ಬೇರೆಯೇ ಹೆಸರು ಕೊಡುವವರೂ ಉಂಟು. ಇದರ ವಿಚಾರವಾಗಿ ವಿದ್ವಾಂಸರು ಬರೆದ ಗ್ರಂಥಗಳು ಹಲವು. ಅದೇ ಸ್ವರಗಳು ಮ್ಯಾಂಡೊಲಿನ್ನಿನಲ್ಲಿ ೧–೧–೨–೧ ಎಂಬ ಹಿಡಿತದಿಂದ, ತದ್ವಿರುದ್ಧವಾದ ಕ್ರಮದಲ್ಲಿ, ಜಿ ಶಾರ್ಪ್, ಡಿ ಶಾರ್ಪ್, ಬಿ, ಎಫ್ ಎಂದು ನುಡಿಯುತ್ತವೆ. ಆರಂಭಿಕನು ಮೊದಲ ದಿನ ಕಲಿತ ಆಕೃತಿಯನ್ನು ಒಂದು ಮೆಟ್ಟಿಲು ಸರಿಸಿದರೆ, ಪಂಡಿತರನ್ನು ಒಂದೂವರೆ ಶತಮಾನ ಕಾಡಿದ ಕೂಟವು ಕೈಯಲ್ಲಿರುತ್ತದೆ.

೫

ಇಪ್ಪತ್ತನೆಯ ಶತಮಾನದಲ್ಲಿ ಈ ಕೂಟದ ಸ್ಥಾನದಲ್ಲಿಯೇ ಒಂದು ವ್ಯತ್ಯಾಸವುಂಟಾಯಿತು. ರಾಮೊವಿಗೆ ಅದು ಗತಿಯ ಕೂಟ, ಅಲ್ಲಿ ನಿಲ್ಲುವಂತಿರಲಿಲ್ಲ. ಸೇರಿಸಿದ ಆರನೆಯ ಸ್ವರವು ಅವನ ದೃಷ್ಟಿಯಲ್ಲಿ ವಿವಾದಿಯಾದುದರಿಂದ ಮುಂದೆ ಸಾಗಿ ಪರಿಹಾರವನ್ನು ಹೊಂದಲೇಬೇಕಾಗಿದ್ದಿತು. ಜಾಜ್ ಸಂಗೀತದವರು ಅದನ್ನೇ ವಿಶ್ರಾಂತಿಯ ಕೂಟವನ್ನಾಗಿ ಮಾಡಿದರು. ಕೃತಿಯ ಕಡೆಯಲ್ಲಿ ಸಹ ಅದರ ಮೇಲೆ ನಿಂತರು. ಪ್ಯಾರಿಸ್ಸಿನಲ್ಲಿ ೧೯೩೪ರಲ್ಲಿ ಏರ್ಪಟ್ಟ ತಂತೀವಾದ್ಯಗಳ ಮೇಳವೊಂದರಲ್ಲಿ ಜಾಂಗೊ ರೈನ್‌ಹಾರ್ಟನು (೧೯೧೦–೧೯೫೩) ಗಿಟಾರನ್ನೂ ಸ್ಟೆಫಾನ್ ಗ್ರಪೆಲ್ಲಿಯು (೧೯೦೮–೧೯೯೭) ಪಿಟೀಲನ್ನೂ ನುಡಿಸುತ್ತಿದ್ದರು. ಅವರು ೧೯೩೭ರಲ್ಲಿ ಧ್ವನಿಮುದ್ರಿಸಿದ ‘ಮೈನರ್ ಸ್ವಿಂಗ್’ ಎಂಬ ಕೃತಿಗೆ ಆ ಪರಂಪರೆಯವರು ಎ ಮೈನರ್ ಸಿಕ್ಸ್ತ್, ಡಿ ಮೈನರ್ ಸಿಕ್ಸ್ತ್, ಇ ಸೆವೆಂತ್ ಎಂಬ ಮೂರು ಕೂಟಗಳನ್ನು ಮುಖ್ಯ ಆಶ್ರಯವಾಗಿ ನುಡಿಸುವುದು ರೂಢಿಯಾಗಿದೆ. ಮ್ಯಾಂಡೊಲಿನ್ನಿನಲ್ಲಿ ಇವು ೨–೨–೩–೨, ೨–೦–೨–೧, ೧–೦–೨–೦. ಮೂರೂ ಮೇಲೆ ಬಂದಿರುವ ಹಿಡಿತಗಳೇ. ಅದೇ ಕೃತಿಯನ್ನು ೧೯೭೦ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್ಮನನು ಗ್ರಪೆಲ್ಲಿಯನ್ನೇ ಜತೆಗಿಟ್ಟುಕೊಂಡು ಧ್ವನಿಮುದ್ರಿಸಿದನು. ಒಂದೇ ಶ್ರುತಿಯ ಎರಡು ವಾದ್ಯಗಳು, ಲಿಯೋನೆಯ ಗ್ರಂಥವು ಹೊರಬಂದ ಇನ್ನೂರು ವರ್ಷಗಳ ಮೇಲೆ, ಹೀಗೆ ಮತ್ತೆ ಒಂದೆಡೆ ಸೇರಿದುವು.

ಗತಿ ಮತ್ತು ಸ್ಥಿತಿಗಳೆಂಬ ಈ ಎರಡು ಸ್ವಭಾವಗಳನ್ನೂ ಒಂದೇ ಅಭ್ಯಾಸದಲ್ಲಿ ಕಾಣಬಹುದು. ಜಿ, ಡಿ, ಎ ತಂತಿಗಳಲ್ಲಿ ೨–೨–೩ ಎಂಬ ಹಿಡಿತವನ್ನು ಕದಲಿಸದೆ, ಇ ತಂತಿಯಲ್ಲಿ ಮಾತ್ರ ಐದು, ನಾಲ್ಕು, ಮೂರು, ಎರಡು ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಎ, ಜಿ ಶಾರ್ಪ್, ಜಿ, ಎಫ್ ಶಾರ್ಪ್ ಎಂದು ಸ್ವರವು ಕೆಳಗಿಳಿಯುತ್ತಾ, ಶುದ್ಧ ಮೈನರ್ ಕೂಟದಿಂದ ಹೊರಟು ನಾಲ್ಕನೆಯ ಹೆಜ್ಜೆಗೆ ಮೈನರ್ ಸಿಕ್ಸ್ತ್ ಕೂಟವನ್ನು ತಲುಪುತ್ತದೆ. ಮ್ಯಾಂಡೊಲಿನ್ನಿನ ಮೆಟ್ಟಿಲುಗಳು ಹತ್ತಿರ ಹತ್ತಿರವಿರುವುದರಿಂದ ಕಿರುಬೆರಳು ಐದನೆಯ ಮೆಟ್ಟಿಲನ್ನು ಪ್ರಯಾಸವಿಲ್ಲದೆ ಮುಟ್ಟುತ್ತದೆ. ಎಷ್ಟೋ ಜನಪ್ರಿಯ ಗೀತಗಳಲ್ಲಿ ಬರುವ ಈ ಇಳಿತವನ್ನು ನುಡಿಸುವವನಿಗೆ, ಆ ಕಡೆಯ ಕೂಟವು ತಂಗುದಾಣವೋ ದಾರಿಯ ತಿರುವೋ ಎಂಬುದು ಮುಂದಿನ ಕೂಟವನ್ನು ನುಡಿಸುವವರೆಗೂ ನಿಶ್ಚಯವಾಗುವುದಿಲ್ಲ.

೬

ಮ್ಯಾಂಡೊಲಿನ್ನು ಕರ್ನಾಟಕ ಸಂಗೀತಕ್ಕೆ ಹೊರಗಿನದಾಗಿ ಉಳಿದಿಲ್ಲ. ಆಂಧ್ರದ ಪಾಲಕೊಲ್ಲಿನಲ್ಲಿ ಜನಿಸಿದ ಯು. ಶ್ರೀನಿವಾಸರು (೧೯೬೯–೨೦೧೪) ಜೋಡಿತಂತಿಗಳನ್ನು ತೆಗೆದು ಒಂಟಿತಂತಿಗಳನ್ನಿರಿಸಿ, ವಿದ್ಯುತ್ತಿನಿಂದ ನುಡಿಯುವ ಮ್ಯಾಂಡೊಲಿನ್ನಿನಲ್ಲಿ ಗಮಕಗಳನ್ನು ಸಾಧಿಸಿ ಅದಕ್ಕೆ ಕಚೇರಿಯಲ್ಲಿ ಸ್ಥಾನವನ್ನು ತಂದುಕೊಟ್ಟರು. ಅಲ್ಲಿ ಕೂಟಕ್ಕೆ ಎಡೆಯಿಲ್ಲ, ರಾಗವೇ ಸರ್ವಸ್ವ. ಆದರೂ ಒಂದು ತತ್ತ್ವವು ಎರಡು ಪದ್ಧತಿಗಳಿಗೂ ಸಮಾನವಾಗಿದೆ. ಯಾವುದನ್ನು ಷಡ್ಜವೆಂದು ಗ್ರಹಿಸುವೆವೆಂಬುದರ ಮೇಲೆ ಸ್ವರಗಳ ನಾಮರೂಪಗಳು ನಿಂತಿವೆಯೆಂಬುದು ಇಲ್ಲಿ ರಾಗದಲ್ಲಿಯೂ ಅಲ್ಲಿ ಕೂಟದಲ್ಲಿಯೂ ಪ್ರಕಟವಾಗುತ್ತದೆ.

ಇದರಿಂದ ಬೋಧಕರು ಗ್ರಹಿಸಬೇಕಾದ ವಿಷಯವೊಂದುಂಟು. ಇಂದು ಮ್ಯಾಂಡೊಲಿನ್ ಕಲಿಯುವವರ ಕೈಗೆ ಸಾಮಾನ್ಯವಾಗಿ ಬರುವುದು ಹಿಡಿತಗಳ ಪಟ್ಟಿ. ಅದರಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಹೆಸರು. ಪಟ್ಟಿಯಿಂದ ಕಲಿತವನು ೨–೨–೩–೨ ಎಂಬುದಕ್ಕೆ ‘ಎ ಮೈನರ್ ಸಿಕ್ಸ್ತ್’ ಎಂಬ ಹೆಸರನ್ನು ಕಂಠಪಾಠ ಮಾಡುತ್ತಾನೆ. ಮತ್ತೊಂದು ಪುಟದಲ್ಲಿ ಅದೇ ಚಿತ್ರವು ‘ಎಫ್ ಶಾರ್ಪ್ ಹಾಫ್ ಡಿಮಿನಿಷ್ಡ್’ ಎಂಬ ಹೆಸರಿನಲ್ಲಿ ಕಂಡಾಗ, ಮುದ್ರಣದೋಷವೆಂದು ತಿಳಿಯುತ್ತಾನೆ, ಇಲ್ಲವೆ ಬೇರೆಯದೊಂದನ್ನು ಕಲಿಯಬೇಕೆಂದು ಶ್ರಮಪಡುತ್ತಾನೆ. ನಿಘಂಟನ್ನು ಬಾಯಿಪಾಠ ಮಾಡಿ ವಾಕ್ಯವನ್ನು ಓದದವನ ಸ್ಥಿತಿಯೂ ಇದೇ. ಹಿಡಿತವನ್ನು ಹೇಳಿಕೊಟ್ಟ ದಿನವೇ ಅದರ ಹಿಂದಿನ 'ಕೂಟ'ವೊಂದನ್ನೂ ಮುಂದಿನದೊಂದನ್ನೂ ಜತೆಗೂಡಿಸಿ ನುಡಿಸಲು ಹೇಳಿಕೊಟ್ಟರೆ, ಎರಡು ಹೆಸರುಗಳೂ ಶಿಷ್ಯನಿಗೆ ಕಿವಿಯ ಮೂಲಕವೇ ತಿಳಿಯುತ್ತವೆ. ಪಟ್ಟಿಯ ಭಾರವೂ ಅರ್ಧವಾಗುತ್ತದೆ. ರಾಮೊ ಹದಿನೈದು ವರ್ಷಗಳ ಅಂತರದಲ್ಲಿ ಬರೆದ ಎರಡು ಗ್ರಂಥಗಳಿಂದ ನಿಶ್ಚಯಿಸಿದ ಸಂಗತಿಯನ್ನು ಶಿಷ್ಯನು ಮೂರು ಹಿಡಿತಗಳಿಂದ ನಿಶ್ಚಯಿಸಿಕೊಳ್ಳಬಹುದು. ಪದಕ್ಕೆ ವಾಕ್ಯವೂ ಕೂಟಕ್ಕೆ ನಡೆಯೂ ಅರ್ಥವನ್ನು ಕೊಡತಕ್ಕುವು.